ಹೊಳಿಯೋ ಹಿಟ್ಟಿಗೆ ‘ಸ್ಟ್ರೆಸ್ ರಿಲೀಫ್’ ಅಂತ ಹೆಸರಿಟ್ಟವರ್ಯಾರು?

ಪುಟ್ಟಿ ಅನ್ನೋ ಶಬ್ದಕ್ಕ ನಮ್ಮ ಧಾರವಾಡ ಕಡೆ ಮೂರು ಅರ್ಥ ಇದ್ವು. ಗೊಬ್ಬರ ಹೊರೋ ಪುಟ್ಟಿ ಒಂದು, ಮನ್ಯಾಗಿನ ಸಣ್ಣ ಹುಡುಗೀನ್ನ ಪ್ರೀತಿಲೆ ಕರಿಯೋ ಪುಟ್ಟಿ ಇನ್ನೊಂದು, ಪೇಂಟರ್ ಬಂದು ಗ್ವಾಡಿ ಬಿರುಕಿಗೆ ಮೆತ್ತೋ ಪುಟ್ಟಿ ಮೂರನೇದ್ದು. ಈಗ ನಾಕನೇದ್ದು ಬಂದದ, ಸಿಲಿಕೋನ್ ಪುಟ್ಟಿ. ಅಂಗೈಯಷ್ಟು ತಗಡಿನ ಡಬ್ಬಿ, ಅದರಾಗ ಹೋಳಿಗಿ ಕಣಕದಂಥಾ ಒಂದು ಮೆತ್ತನ ಮುದ್ದಿ. ಹಗಲಿ ನೋಡಿದ್ರ ಏನೂ ವಿಶೇಷ ಇಲ್ಲ, ಸಪ್ಪನ ಬಣ್ಣ. ರಾತ್ರಿ ಲೈಟ್ ಆರಿಸಿದ್ರ ಹಸರಂಗೆ ಹೊಳೀತದ. ಹಿಚುಕೋದು, ಎಳಿಯೋದು, ಹರಿಯೋದು, ಮತ್ತ ಕೂಡಿಸಿ ಮುದ್ದಿ ಮಾಡೋದು, ಇಷ್ಟ ಅದರ ಕೆಲಸ. ಡಬ್ಬಿ ಮ್ಯಾಲೆ ದೊಡ್ಡ ಅಕ್ಷರದಾಗ ಬರದಿದ್ರು: ‘ಸ್ಟ್ರೆಸ್ ರಿಲೀಫ್’.

ಮುದ್ದಿ ಅಗದಿ ಚೊಲೊ ಅದ ಅಂತ ಮೊದಲ ಹೇಳಿಬಿಡ್ತೀನಿ. ನನ್ನ ತಕರಾರು ಏನಿದ್ರೂ ಆ ಎರಡು ಶಬ್ದದ್ದು.

ಇದು ನಮ್ಮ ಮನಿಗೆ ಬಂದದ್ದು ಮಗಳ ಆಫೀಸಿನಿಂದ. ಅಕಿ ಬೆಂಗಳೂರಿನ ಒಂದು ಕಂಪನಿಗೆ ಇಲ್ಲೇ ಮಾಳಮಡ್ಡಿ ಮನ್ಯಾಗ ಕೂತು ಕೆಲಸ ಮಾಡ್ತಾಳ. ಗಿರಾಕಿಗಳೆಲ್ಲಾ ಅಮೇರಿಕಾದವರು. ಅಲ್ಲೆ ನ್ಯೂಯಾರ್ಕಿನ್ಯಾಗ ಮುಂಜಾನೆ ಹತ್ತು ಹೊಡದಾಗ ಇಲ್ಲೆ ಸಂಜೀಕ ಏಳೂವರಿ, ಅವರ ಥಂಡಿ ದಿನದಾಗ ಎಂಟೂವರಿ. ಅವರು ಚಾ ಕುಡದು ಮೈಮುರದು ಕೂಡೋ ಹೊತ್ತಿಗೆ ನಾವು ದೇವರ ಮುಂದ ದೀಪಾ ಹಚ್ಚಿ ಮುಗಸಿರ್ತೀವಿ. ಅವರ ಮಧ್ಯಾಹ್ನದ ಮೀಟಿಂಗ್ ಅಂದ್ರ ನಮ್ಮ ಹುಡುಗಿಗೆ ಅರ್ಧರಾತ್ರಿ. ಎರಡೂವರಿ ತನಕ ಡ್ಯೂಟಿ ಅಂತ ಕಾಗದದಾಗ ಅದ, ನಾಕು ಗಂಟೆ ಆದ್ರೂ ಕೋಣ್ಯಾಗಿನ ಲ್ಯಾಪ್‌ಟಾಪ್ ಬೆಳಕು ಬಾಗಲ ಸಂದಿಯಿಂದ ಕಾಣ್ತಿರ್ತದ. ಹೋದ ತಿಂಗಳ ಅವರ ಆಫೀಸಿನವರು ಎಲ್ಲಾರಿಗೂ ಒಂದೊಂದು ‘ವೆಲ್‌ನೆಸ್ ಕಿಟ್’ ಕಳಿಸಿದ್ರು. ಒಂದು ವಾಸನಿ ಮೇಣಬತ್ತಿ, ಗ್ರೀನ್ ಟೀ, ಖಾಲಿ ಡೈರಿ, ‘ಒಮ್ಮೆ ದೀರ್ಘವಾಗಿ ಉಸಿರಾಡಿ’ ಅನ್ನೋ ಕಾರ್ಡು, ಮತ್ತ ಈ ಹೊಳಿಯೋ ಮುದ್ದಿ.

ಮೊದಲ ಇದನ್ನ ನೋಡಿ ನಗೋ ಮಂದೀದ ಲೆಕ್ಕಾ ಮುಗಸ್ತೀನಿ, ಯಾಕಂದ್ರ ಅವರು ನಮ್ಮ ಮನಿ ಕಟ್ಟಿ ಮ್ಯಾಲೇ ಕೂತಿರ್ತಾರ. ನಮ್ಮನಿಯವರು ಮತ್ತ ಅವರ ಜೋಡಿ ವಾಕಿಂಗ್ ಹೋಗೋ ನಾಕು ರಿಟೈರ್ಡ್ ಮಂದಿ. ಡಬ್ಬಿ ಕೈಯಿಂದ ಕೈಗೆ ಹೋತು. ಒಬ್ಬರು ಮೂಸಿ ನೋಡಿದ್ರು, ಒಬ್ಬರು ಗ್ವಾಡಿಗೆ ಹಚ್ಚಲಿಕ್ಕೆ ಬರ್ತದೇನು ಅಂತ ಕೇಳಿದ್ರು. ಆಮ್ಯಾಲೆ ಆ ಮಾತು ಬಂತು, ಬಂದ ಬರ್ತದ ಅಂತ ನಂಗ ಗೊತ್ತಿತ್ತು: “ನಮ್ಮ ಹಿರ್ಯಾರ ಕಾಲದಾಗ ಇಂಥಾ ಥೇರ್ ಇದ್ದಿಲ್ಲ ನೋಡವಾ. ಹೆಂಗಸೂರು ದಿನಾ ಹಿಟ್ಟು ನಾದ್ತಿದ್ರು, ಬತ್ತಿ ಹೊಸೀತಿದ್ರು, ಶಾವಿಗಿ ಮಾಡ್ತಿದ್ರು. ಕೈಗೂ ವ್ಯಾಯಾಮ, ಮನಸಿಗೂ ಶಾಂತಿ. ಸ್ಟ್ರೆಸ್ ಅನ್ನೋದ ಗೊತ್ತಿದ್ದಿಲ್ಲ.”

ಈ ಮಾತು ನೀವೂ ಕೇಳಿರ್ತೀರಿ. ವಾಟ್ಸಾಪಿನ್ಯಾಗಂತೂ ಗುಡ್ ಮಾರ್ನಿಂಗ್ ಹೂವಿನ ಜೋಡಿ ಬರ್ತದ. ಕೇಳಲಿಕ್ಕೆ ಚಂದ ಅದ, ಆದ್ರ ಹೇಳೋರು ಒಬ್ಬರೂ ಹಿಟ್ಟು ನಾದಿದವರಲ್ಲ.

ನಮ್ಮ ಅತ್ತಿಯವರು ಹಿಟ್ಟು ನಾದಿದವರು. ಮನ್ಯಾಗ ಹದಿನಾಕು ಮಂದಿ, ಮ್ಯಾಲೆ ಬಂದು ಹೋಗೋರು. ಮುಂಜಾನೆ ಐದಕ್ಕ ಎಸರಿಟ್ಟು, ಕುದಿಯೋ ನೀರಿಗೆ ಜೋಳದ ಹಿಟ್ಟು ಹಾಕಿ, ಕೈ ಸುಡ್ತಿದ್ರೂ ನಾದಬೇಕು, ಆರಿದ್ರ ಹಿಟ್ಟು ಜಿಗಿ ಕಳಕೋತದ, ರೊಟ್ಟಿ ಅಂಚು ಸೀಳ್ತಾವ. ಕಡೀ ಕಡೀಕ ಅವರ ಬಲಗೈ ಹೆಬ್ಬೆರಳು ಪೂರಾ ಮಡಚಲಿಕ್ಕೇ ಬರ್ತಿದ್ದಿಲ್ಲ. ಅದನ್ನ ಯಾರೂ ‘ಶಾಂತಿ’ ಅಂತ ಕರದದ್ದು ನಾ ಕೇಳಿಲ್ಲ. ನಾದೋದು ಕೆಲಸ. ಮುಗದ ಮ್ಯಾಲೆ ಹದಿನಾಕು ಮಂದಿ ಉಣಬೇಕು, ಒಬ್ಬರರೇ ಉಪ್ಪು ಕಡಿಮಿ ಅಂತ ಅನಬೇಕು. ಅಂಥಾ ಕೆಲಸಕ್ಕ ಈಗ ಐವತ್ತು ವರ್ಷ ಆದ ಮ್ಯಾಲೆ ಮನಸಿನ ಔಷಧದ ಹೆಸರು ಹಚ್ಚಿದ್ರ, ಮಾಡಿದವರ ತ್ರಾಸನ್ನ ಎರಡನೇ ಸಲ ಮರ್ತಂಗ.

ಅವರಿಗೆ ಖರೇ ಹಗರ ಆಗ್ತಿದ್ದದ್ದು ಯಾವಾಗ ಅಂತ ನಾ ಕಣ್ಣಾರೆ ನೋಡೀನಿ. ಮಧ್ಯಾಹ್ನ ಎರಡೂವರಿಗೆ ಎಲ್ಲಾರದ್ದೂ ಊಟಾಗಿ, ಒಲಿ ಸಾರಿಸಿದ ಮ್ಯಾಲೆ, ಆಜೂಬಾಜೂ ಮನಿ ಇಬ್ಬರು ಬಂದು ಕೂತು ಕವಡಿ ಹಾಕಿ ಚೌಕಾಬಾರಾ ಆಡ್ತಿದ್ರಲ್ಲಾ, ಅವಾಗ. ಹುಣಸಿ ಬೀಜ, ಮುರಕು ಬಳಿ ಚೂರು, ಕಾಫಿ ಬೀಜ ಇವ ಕಾಯಿ. ಒಬ್ಬರ ಕಾಯಿ ಇನ್ನೊಬ್ಬರು ಹೊಡದ್ರ ಓಣಿಗೆ ಕೇಳೋ ಹಂಗ ನಗು. ಮತ್ತ ಮಾವನವರ ಚಪ್ಪಲಿ ಸಪ್ಪಳಾ ಕೇಳ್ತಂದ್ರ ಕವಡಿ ಸೆರಗಿನ್ಯಾಗ! ಯಾಕಂದ್ರ ಆಟ ಅಂದ್ರ ‘ಹೊತ್ತು ಹಾಳು’. ಗಂಡಸೂರು ಕಟ್ಟಿ ಮ್ಯಾಲೆ ಇಸ್ಪೀಟು ಹಾಕಿದ್ರ ಹೊತ್ತು ಹೋಗ್ತದ, ಹೆಂಗಸೂರು ಕವಡಿ ಹಾಕಿದ್ರ ಹೊತ್ತು ಹಾಳಾಗ್ತದ. ಹಿಟ್ಟು ನಾದೋದರಾಗ ಶಾಂತಿ ಇತ್ತು ಅನ್ನೋವರಿಗೆ ಈ ಕವಡಿ ನೆನಪಿರೂದಿಲ್ಲ.

ಹಂಗಾಗಿ ದೊಡ್ಡ ವಯಸ್ಸಿನ ಹುಡುಗಿ ಒಂದು ಮುದ್ದಿ ಹಿಡಕೊಂಡು ಆಡ್ಲಿಕತ್ತಾಳಂದ್ರ ನಗೋರ ಕಡೆ ನಾ ಇಲ್ಲ. ಆಡ್ಲಿ. ಅಂದ್ಹಂಗ ನಗ್ತಿದ್ದವರೇ ಅವತ್ತು ಸಂಜೀಕ ಅದನ್ನ ಬಿಡ್ಲಿಲ್ಲ. ಒಬ್ಬರು ಉಂಡಿ ಮಾಡಿ ನೆಲಕ್ಕ ಹೊಡದ್ರು, ರಬ್ಬರ್ ಚೆಂಡಿನಂಗ ಪುಟದು ಮಾಡಕ್ಕ ಹತ್ತಿತು. ಇನ್ನೊಬ್ಬರು ಹಗರಕ ಎಳದ್ರು, ಶಾವಿಗಿಯಂಗ ಮಾರುದ್ದ ಬಂತು. ಜಟ್ಟನ ಎಳದ್ರು, ಬಳಪದಂಗ ಟಕ್ಕನ ತುಂಡಾತು. “ಇದೇನಿದು, ನೀರೋ ಕಲ್ಲೋ?” ಅಂತ ಬ್ಯಾಂಕಿನ್ಯಾಗ ಮೂವತ್ತು ವರ್ಷ ಲೆಕ್ಕಾ ಬರದ ಮನುಷ್ಯಾ ಕೇಳೋವಾಗ ಮಾರಿ ನೋಡಬೇಕಿತ್ತು. ಕಡೀಕ ನಮ್ಮನಿಯವರು ಆ ಮುದ್ದಿ ಪಕ್ಕಕ್ಕ ಇಟ್ಟು ಮರ್ತು ಅದರ ಮ್ಯಾಲೇ ಕೂತ್ರು. ತಾಸಿನ ಮ್ಯಾಲೆ ಎದ್ದಾಗ ಧೋತರದ ನೂಲಿನೊಳಗ ಇಳದು ಕೂತುಬಿಟ್ಟಿತ್ತು. (ಬಿಸಿನೀರಾಗ ಹಾಕಬ್ಯಾಡ್ರಿ, ಇನ್ನೂ ಇಳೀತದ. ಮೊದಲ ಬರ್ಫ ಇಟ್ಟು ಗಟ್ಟಿ ಮಾಡಿ ಕೆರದು ತಗೀಬೇಕು, ಉಳದದ್ದಕ್ಕ ಸ್ಪಿರಿಟ್ ಹಚ್ಚಿ ತಿಕ್ಕಬೇಕು. ಕೊರೋನಾ ಕಾಲದ ಸ್ಯಾನಿಟೈಸರ್ ಬಾಟ್ಲಿ ನಮ್ಮ ಮನ್ಯಾಗ ಮೊದಲ ಸಲ ಉಪಯೋಗಕ್ಕ ಬಂತು.)

ಇದ್ಯಾಕ ಹಿಂಗ ಮಾಡ್ತದ ಅಂತ ಅವತ್ತು ರಾತ್ರಿ ಓದಿದೆ. ಸಿಲಿಕೋನ್ ಅಂದ್ರ ಉದ್ದುದ್ದ ಸರಪಳಿಯಂಥಾ ಅಣು. ಸುಮ್ನ ಇದ್ರ ಎಣ್ಣಿಯಂಗ ಹರೀತದ. ಅದಕ್ಕ ಬೋರಿಕ್ ಆಸಿಡ್ ಕೂಡಿಸಿ ಕಾಯಿಸಿದ್ರ ಸರಪಳಿ ಸರಪಳಿ ನಡುವ ಬೋರಾನಿನ ಗಂಟು ಬೀಳ್ತಾವ. ಮಜಾ ಏನಂದ್ರ ಈ ಗಂಟು ಕಾಯಂ ಅಲ್ಲ, ಬಿಚ್ಚತಿರ್ತಾವ, ಮತ್ತ ಕೂಡ್ತಿರ್ತಾವ, ಜಾತ್ರ್ಯಾಗ ಹುಡುಗೂರು ಕೈ ಕೈ ಹಿಡಕೊಂಡು ಬಿಟ್ಟು ಮತ್ತ ಹಿಡಕೊಂಡಂಗ. ಸಾವಕಾಶ ಎಳದ್ರ ಬಿಚ್ಚಿ ಬ್ಯಾರೆ ಕಡೆ ಕೂಡಲಿಕ್ಕೆ ಹೊತ್ತು ಸಿಗ್ತದ, ಅದಕ್ಕ ಹರೀತದ. ಜಟ್ಟನ ಎಳದ್ರ ಆ ಹೊತ್ತು ಸಿಗೂದಿಲ್ಲ, ತುಂಡಾಗ್ತದ.

ಬೋರಿಕ್ ಆಸಿಡ್ ಅಂದ್ರ ಏನೋ ದೊಡ್ಡ ಕೆಮಿಕಲ್ ಅಂತ ತಿಳೀಬ್ಯಾಡ್ರಿ. ಕೇರಂ ಬೋರ್ಡಿಗೆ ಉದುರಸೋ ಬೋರಿಕ್ ಪೌಡರ್ ಅದ. ಗೋದಿ ಹಿಟ್ಟು ಸಕ್ರಿ ಕೂಡಿಸಿ ಉಂಡಿ ಮಾಡಿ ಜಿರಳಿಗೆ ಇಡ್ತೀವಲ್ಲಾ, ಅದೂ ಅದ. ಕೇರಂ ಆಡಿ ಯಾರೂ ಸತ್ತಿಲ್ಲ, ಆದ್ರ ಜಿರಳಿ ಉಂಡಿ ಕೂಸಿನ ಕೈಗೆ ಯಾರೂ ಕೊಡಂಗೂ ಇಲ್ಲ. ಈ ಮಾತಿಗೆ ಮುಂದ ಬರ್ತೀನಿ.

ಈ ಪುಟ್ಟಿ ಹುಟ್ಟಿದ ಕತಿ ಕೇಳಿದ ಮ್ಯಾಲೆ ನಂಗ ಅದರ ಮ್ಯಾಲಿನ ಪ್ರೀತಿ ಹೆಚ್ಚಾತು. ಎರಡನೇ ಮಹಾಯುದ್ಧದಾಗ ಜಪಾನಿನವರು ಆಗ್ನೇಯ ಏಷ್ಯಾದ ರಬ್ಬರ್ ತೋಟ ಹಿಡಕೊಂಡುಬಿಟ್ರು. ಅಮೇರಿಕಾಕ್ಕ ಗಾಲಿಗೆ, ಬೂಟಿಗೆ ರಬ್ಬರ್ ಇಲ್ಲ. ಬದಲಿ ಏನರೇ ಹುಡುಕ್ರಿ ಅಂತ ಸರಕಾರ ಕಂಪನಿಗಳಿಗೆ ಹೇಳಿತು. ಜನರಲ್ ಇಲೆಕ್ಟ್ರಿಕ್ ಕಂಪನಿಯ ಜೇಮ್ಸ್ ರೈಟ್ ಅನ್ನೋವರು 1943ರಾಗ ಸಿಲಿಕೋನ್ ಎಣ್ಣಿಗೆ ಬೋರಿಕ್ ಆಸಿಡ್ ಹಾಕಿ ನೋಡಿದ್ರ ಬಂದದ್ದು ಈ ಮುದ್ದಿ. (ನಾವ ಮೊದಲ ಮಾಡಿದ್ದು ಅಂತ ಡೌ ಕಾರ್ನಿಂಗ್ ಕಂಪನಿಯವರೂ ಹೇಳ್ತಿದ್ರು. ಚೊಲೊ ಕೂಸಿಗೆ ಅಪ್ಪಂದಿರು ಭಾಳ.) ಪುಟೀತದ, ಜಗ್ತದ, ಆದ್ರ ಗಾಲಿ ಮಾಡ್ಲಿಕ್ಕೆ ಬರೂದಿಲ್ಲ, ಒಂದು ತಾಸು ಬಿಟ್ರ ಚಪ್ಪಟಿ ಆಗಿ ಹರದು ಕೂಡ್ತದ. ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಕಳಿಸಿ ಕೇಳಿದ್ರು, ಯಾರಿಗೂ ಇದರ ಉಪಯೋಗ ಹೊಳೀಲಿಲ್ಲ. ಕಡೀಕ ನ್ಯೂ ಹೇವನ್ ಊರಾಗ ಆಟಿಗಿ ಸಾಮಾನಿನ ಅಂಗಡಿ ಇಟ್ಟಿದ್ದ ರೂತ್ ಫಾಲ್‌ಗ್ಯಾಟರ್ ಅನ್ನೋ ಹೆಣ್ಣಮಗಳು ಇದನ್ನ ತಮ್ಮ ಕ್ಯಾಟಲಾಗಿನ್ಯಾಗ ಹಾಕಿದ್ರು. ಅವರಿಗೆ ಜಾಹಿರಾತು ಬರದು ಕೊಡ್ತಿದ್ದ ಪೀಟರ್ ಹಾಡ್ಜ್‌ಸನ್ ಮೈತುಂಬ ಸಾಲ ಇದ್ದ ಮನುಷ್ಯಾ. 1950ರಾಗ ಮತ್ತ 147 ಡಾಲರ್ ಸಾಲಾ ಮಾಡಿ ಈ ಮುದ್ದಿ ತಗೊಂಡು, ಪ್ಲಾಸ್ಟಿಕ್ಕಿನ ತತ್ತಿಯೊಳಗ ಹಾಕಿ, ಒಂದು ಡಾಲರಿಗೆ ಒಂದರಂಗ ಮಾರಲಿಕ್ಕೆ ಹೊಂಟ. ಹೆಸರು ‘ಸಿಲ್ಲಿ ಪುಟ್ಟಿ’. ನ್ಯೂಯಾರ್ಕರ್ ಪತ್ರಿಕಿಯೊಳಗ ಎರಡು ಮಾತು ಬಂದದ್ದೇ ತಡ, ಮೂರು ದಿನದಾಗ ಎರಡೂವರಿ ಲಕ್ಷ ತತ್ತಿಗೆ ಆರ್ಡರ್!

ಸಿಲ್ಲಿ ಅಂದ್ರ ಹುಚ್ಚು, ಅರ್ಥಿಲ್ಲದ್ದು. ಹುಚ್ಚು ಮುದ್ದಿ. ಕೆಲಸಕ್ಕ ಬಾರದ್ದು ಅಂತ ಹೆಸರಿನ್ಯಾಗ ಒಪ್ಪಿಗೊಂಡು ಮಾರಿದ ಸಾಮಾನು. ಮತ್ತ ಮೊದಲ ಐದು ವರ್ಷ ಅದನ್ನ ತಗೊಂಡವರು ಹುಡುಗೂರಲ್ಲ, ಹೆಚ್ಚಿನಂಶ ದೊಡ್ಡವರ. ಹುಡುಗೂರ ಕೈಗೆ ಹೋದದ್ದು ಆಮ್ಯಾಲೆ. ಆ ದೊಡ್ಡವರಿಗೆ ಯುದ್ಧ ಆಗಿಹೋಗಿತ್ತು, ಮನಿ ಸಾಲ ಇತ್ತು, ಸಾಹೇಬರ ಕಾಟ ಇತ್ತು, ಎಲ್ಲಾ ಇತ್ತು. ಆದ್ರ ಒಂದು ಡಾಲರ್ ಕೊಟ್ಟು ಆಟಾ ಆಡ್ಲಿಕ್ಕೆ ಅವರಿಗೆ ಡಾಕ್ಟರ್ ಚೀಟಿ ಬೇಕಾಗಿದ್ದಿಲ್ಲ. 1968ರಾಗ ಅಪೋಲೋ 8 ಚಂದ್ರನ ಸುತ್ತ ಹಾಕಲಿಕ್ಕೆ ಹೋದಾಗಲೂ ಈ ಮುದ್ದಿ ಜೋಡಿ ಹೋಗಿತ್ತು, ತೂಕಿಲ್ಲದ ಜಾಗಾದಾಗ ಸಾಮಾನು ತೇಲಿ ಹೋಗಬಾರದಂತ ಅಂಟಸಲಿಕ್ಕೆ, ಮತ್ತ ಬ್ಯಾಸರಕಿ ಕಳೀಲಿಕ್ಕೆ. ಬ್ಯಾಸರಕಿ ಅಂತನ ಹೇಳಿದ್ರು, ಸ್ಟ್ರೆಸ್ ಅನ್ನಲಿಲ್ಲ. ಚಂದ್ರನ ದಾರ್ಯಾಗ ಇದ್ದವರಿಗಿಂತ ಹೆಚ್ಚಿನ ಸ್ಟ್ರೆಸ್ ಇನ್ಯಾರಿಗೆ ಇದ್ದೀತು ಹೇಳ್ರಿ.

ಹೊಳಿಯೋದರ ಕತಿ ಬ್ಯಾರೇನ ಅದ. ಡಬ್ಬಿ ನೋಡಿದ ಕೂಡ್ಲೆ ನಮ್ಮನಿಯವರು, “ಇದು ರೇಡಿಯಂ ಅಲ್ಲೇನು? ಕ್ಯಾನ್ಸರ್ ಬರ್ತದ, ಒಗೀರಿ” ಅಂದ್ರು. ನಮ್ಮ ಕಡೆ ಹೊಳಿಯೋದೆಲ್ಲಾ ರೇಡಿಯಂ. ಗಾಡಿಗೆ ಹೆಸರು ಕತ್ತರಿಸಿ ಅಂಟಸೋ ಅಂಗಡಿಗೂ ‘ರೇಡಿಯಂ ಕಟಿಂಗ್’ ಅಂತನ ಬೋರ್ಡು. ಆ ಸ್ಟಿಕರಿನ್ಯಾಗ ರೇಡಿಯಮ್ಮೂ ಇಲ್ಲ, ಅದಕ್ಕ ಸ್ವಂತ ಬೆಳಕೂ ಇಲ್ಲ, ಎದುರಿನ ಗಾಡಿ ಲೈಟು ಬಿದ್ರ ತಿರುಗಿಸಿ ಹೊಡೀತದ ಅಷ್ಟ. ಆದ್ರ ಹೆಸರು ಗಾಳ್ಯಾಗಿಂದ ಬಂದದ್ದಲ್ಲ. ನೂರು ವರ್ಷದ ಹಿಂದ ಗಡಿಯಾರದ ಅಂಕಿಗೆ ಖರೇನ ರೇಡಿಯಂ ಹಚ್ತಿದ್ರು. ಅಮೇರಿಕಾದ ನ್ಯೂಜೆರ್ಸಿಯ ಆರೆಂಜ್ ಅನ್ನೋ ಊರಿನ ಕಾರಖಾನ್ಯಾಗ ಹರೇದ ಹುಡುಗ್ಯಾರು ಕೂತು ಸಣ್ಣ ಬ್ರಶ್ಶಿಲೆ ಬಣ್ಣ ತುಂಬತಿದ್ರು. ಬ್ರಶ್ಶಿನ ತುದಿ ಚೂಪ ಆಗಲಿ ಅಂತ ತುಟಿಗೆ ಹಚ್ಚಿ ತಿದ್ಕೋರಿ ಅಂತ ಅವರಿಗೆ ಕಲಿಸಿದ್ರು. ಏನೂ ಆಗೂದಿಲ್ಲ ಅಂತನೂ ಹೇಳಿದ್ರು. ಆಮ್ಯಾಲೆ ಹಲ್ಲು ಉದುರಿದ್ವು, ದವಡಿ ಎಲಬು ಕೊಳೀತು, ಒಬ್ಬೊಬ್ಬರ ಸತ್ರು. ಐದು ಮಂದಿ ಹೆಣ್ಣಮಕ್ಕಳು ಕೋರ್ಟಿಗೆ ಹೋದ್ರು, 1928ರಾಗ ಕಂಪನಿ ರಾಜಿ ಮಾಡಿಕೊಂಡು ಪರಿಹಾರ ಕೊಡ್ತು. ಇದನ್ನ ಓದಿದಾಗಿಂದ ಕಂಪನಿಯವರು ಕೆಲಸದವರ ಕೈಗೆ ಏನರೇ ಹೊಳಿಯೋದು ಕೊಟ್ಟು ‘ನಿಮಗ ಚೊಲೊ’ ಅಂದ್ರ ನಾ ಒಮ್ಮೆ ಡಬ್ಬಿ ತಿರುಗಿಸಿ ನೋಡ್ತೀನಿ.

ತಿರುಗಿಸಿ ನೋಡಿದ್ರ ಇದರಾಗ ರೇಡಿಯಂ ಇಲ್ಲ. ಈಗಿನ ಚೊಲೊ ಹೊಳಿಯೋ ಸಾಮಾನಿಗೆ ಸ್ಟ್ರಾಂಷಿಯಂ ಅಲ್ಯೂಮಿನೇಟ್ ಅನ್ನೋ ಪುಡಿ ಹಾಕ್ತಾರ. 1993ರ ಸುಮಾರಿಗೆ ಜಪಾನಿನ ನೆಮೋಟೋ ಕಂಪನಿಯವರು ಕಂಡುಹಿಡದದ್ದು. ಅದರ ಮೊದಲ ಇದ್ದ ಸತುವಿನ ಪುಡಿ ಹತ್ತು ಇಪ್ಪತ್ತು ನಿಮಿಷಕ್ಕ ಮಂಕಾಗ್ತಿತ್ತು, ಇದು ತಾಸುಗಟ್ಟಲೆ ಹೊಳೀತದ. ಒಳಗ ಚಿಟಿಕಿ ಯುರೋಪಿಯಂ, ಡಿಸ್‌ಪ್ರೋಸಿಯಂ ಅನ್ನೋ ಅಪರೂಪದ ಧಾತು. ಬೆಳಕು ಬಿದ್ದಾಗ ಉಂಡಿಟ್ಟುಕೊಂಡು ಕತ್ತಲ್ಯಾಗ ತಟಗು ತಟಗು ಬಿಡ್ತದ. ಅದರಾಗೂ ನೀಲಿ, ನೇರಳೆ ಬೆಳಕು ಅದಕ್ಕ ಸೇರ್ತದ. ದೇವರ ಮನ್ಯಾಗಿನ ಕೆಂಪು ಬಲ್ಬಿನ ಮುಂದ ಎಷ್ಟೊತ್ತು ಇಟ್ರೂ ತುಂಬೂದಿಲ್ಲ, ಟ್ಯೂಬ್‌ಲೈಟಿಗೆ ಐದು ನಿಮಿಷ ಸಾಕು. ಬೆರಳಿಲೆ ಬ್ಯಾಟರಿ ಹಿಡದು ಅದರ ಮ್ಯಾಲೆ ಬರೀಬಹುದು, ಬರದ ಅಕ್ಷರ ಹೊಳೀತಾವ, ಒಮ್ಮೆ ಮಡಚಿದ್ರ ಅಳಕೀತಾವ. ನಾ ‘ಶ್ರೀ’ ಬರದೆ. ಮಗಳು ಅವರ ಮ್ಯಾನೇಜರ್ ಹೆಸರು ಬರದು ಗುದ್ದಿದ್ಳು.

ಇಂಥಾ ಚಂದದ ಆಟಿಗಿಗೆ ಔಷಧದ ವೇಷಾ ಹಾಕೋದು ಯಾಕ? ನನ್ನ ಮೊದಲನೇ ಸಂಶಯ ಅಂಗಡಿಯವರ ಮ್ಯಾಲೆ. ನಮ್ಮ ದೇಶದಾಗ 2021ರ ಜನವರಿ 1ರಿಂದ, 14 ವರ್ಷದೊಳಗಿನ ಹುಡುಗೂರು ಆಡೋ ಆಟಿಗಿ ಸಾಮಾನಿಗೆ ಐಎಸ್‌ಐ ಗುರ್ತು ಕಡ್ಡಾಯ ಆಗೇದ. ಯುರೋಪಿನ್ಯಾಗ ಆಟಿಗಿ ಸಾಮಾನಿನಿಂದ ಎಷ್ಟು ಬೋರಾನ್ ಹೊರಗ ಬರಬಹುದು ಅನ್ನೋದಕ್ಕೂ ಮಿತಿ ಅದ, ಜಿಗುಟಿನ ಸಾಮಾನಿಗೆ ಕಿಲೋಕ್ಕ 300 ಮಿಲಿಗ್ರಾಂ. ಇವೆಲ್ಲಾ ಕೇಳೋದು ಅದನ್ನ ‘ಆಟಿಗಿ’ ಅಂತ ಕರದಾಗ. ‘ಸ್ಟ್ರೆಸ್ ರಿಲೀಫ್’ ಅಂತ ಬರದು ಮೇಣಬತ್ತಿ ಪಕ್ಕಕ್ಕ ಇಟ್ರ ಯಾರು ಕೇಳ್ತಾರ? ನಮ್ಮ ಡಬ್ಬಿ ಮ್ಯಾಲೆ ಐಎಸ್‌ಐ ಇಲ್ಲ, ಒಳಗ ಏನದ ಅಂತ ಬರದಿಲ್ಲ, ಎಷ್ಟು ವಯಸ್ಸಿನ ಕೂಸಿಗೆ ಕೊಡಬಾರದು ಅಂತನೂ ಇಲ್ಲ. ಆದ್ರ ಮನ್ಯಾಗ ಹೊಳಿಯೋ ಮುದ್ದಿ ಇದ್ರ ಅದು ಮೊದಲ ಯಾರ ಕೈಗೆ ಹೋಗ್ತದ? ರಜಾಕ್ಕ ಬಂದ ನಾದಿನಿ ಮಮ್ಮಗನ ಕೈಗೆ, ಅಲ್ಲಿಂದ ಸೀದಾ ಬಾಯಿಗೆ. ಆ ಹುಡುಗಗ ಓದಲಿಕ್ಕೆ ಬಂದ್ರಲ್ಲಾ ಸ್ಟ್ರೆಸ್ ಅಂತ ತಿಳಿಯೋದು!

ಇನ್ನ ಔಷಧಾನೇ ಅಂತೀರೇನು? ಔಷಧ ಹೆಂಗಿರ್ತದ ಅಂತ ನಮಗ ಗೊತ್ತದ. ನಮ್ಮ ಮೈದುನಗ ಸ್ಕೂಟರ್ ಮ್ಯಾಲಿಂದ ಬಿದ್ದು ಮುಂಗೈ ಮುರದಾಗ, ಪ್ಲಾಸ್ಟರ್ ಬಿಚ್ಚಿದ ಮ್ಯಾಲೆ ಫಿಜಿಯೋಥೆರಪಿ ಬಾಯಿ ಇಂಥದ್ದೇ ಪುಟ್ಟಿ ಕೊಟ್ಟಿದ್ರು. ಅದರಾಗ ಬಣ್ಣ ಬಣ್ಣದ್ದು ಇರ್ತಾವ, ಒಂದೊಂದು ಬಣ್ಣ ಒಂದೊಂದು ಗಟ್ಟಿ. ಮೊದಲ ಮೆತ್ತಂದು, ದಿನಕ್ಕ ಇಷ್ಟು ಸಲ ಹಿಚುಕ್ರಿ, ಇಂಥಾ ಬೆರಳಿಲೆ ಚಿವುಟ್ರಿ, ಬ್ಯಾನಿ ಆದ್ರ ನಿಲ್ಲಸ್ರಿ, ಹದಿನೈದು ದಿನಕ್ಕ ಬಂದು ತೋರಿಸ್ರಿ. ಹಿಡಿತ ಅಳದು ನೋಡಿ ಮುಂದಿನ ಬಣ್ಣ ಕೊಟ್ರು. ಇದು ಔಷಧ. ಯಾವ ರೋಗಕ್ಕ, ಎಷ್ಟು, ಎಷ್ಟು ದಿನ, ಕಡಿಮಿ ಆತೋ ಇಲ್ಲೋ ಅಂತ ಕೇಳೋ ಮನುಷ್ಯಾರು ಒಬ್ಬರು ಇರ್ತಾರ. ಆಫೀಸಿನ ಕಿಟ್ಟಿನ್ಯಾಗ ಬಂದ ಮುದ್ದಿಗೆ ಹಂಗ ಕೇಳೋರು ಯಾರು? ಕಳಿಸಿದವರು ಕಳಿಸಿದ ಫೋಟೋ ಹಾಕಿ ಮುಗಸಿಬಿಟ್ಟಾರ.

ಕೈಗೆ ಏನರೇ ಇದ್ರ ಮನಸು ಸ್ವಲ್ಪ ನಿಲ್ತದ ಅನ್ನೋದು ಸುಳ್ಳು ಅಂತ ನಾ ಅನ್ನೂದಿಲ್ಲ. ಸೆರಗಿನ ತುದಿ ಸುತ್ತಕೋತ ಕೂಡೋರು ನಾವೂ ನೋಡೀವಿ, ಜಪಮಣಿ ತಿರುಗಿಸೋರನ್ನೂ ನೋಡೀವಿ. ಕೆಲವು ಹುಡುಗೂರಿಗೆ ಕೈಯಾಗ ಏನೂ ಇಲ್ಲಂದ್ರ ಪಾಠದ ಕಡೆ ಲಕ್ಷ್ಯನ ಕೊಡ್ಲಿಕ್ಕೆ ಆಗೂದಿಲ್ಲ, ಅವರ ಕೈಯಿಂದ ಕಸೀಬ್ಯಾಡ್ರಿ. ನನ್ನ ಮಗಳೂ ಹೇಳ್ತಾಳ, “ಅಮ್ಮಾ, ಆ ಕಾಲಿನ್ಯಾಗ ಅವರು ಒದರ್ತಿರಬೇಕಾದ್ರ ಇದನ್ನ ಹಿಚುಕಿದ್ರ ನಾ ತಿರುಗಿ ಒದರೂದಿಲ್ಲ” ಅಂತ. ಖರೆ ಇದ್ದೀತು. ಆದ್ರ ಇದರಾಗ ಲಾಭಾ ಯಾರಿಗಾತು ಅಂತ ನೀವ ಹೇಳ್ರಿ. ಒದರೋರು ಒದರೋದು ಬಿಡ್ಲಿಲ್ಲ, ಕೇಳೋಕಿ ತಿರುಗಿ ಮಾತಾಡೋದು ಬಿಟ್ಳು.

ಇಲ್ಲೆ ನಂಗ ನಮ್ಮ ಭಾಷಾದ್ದು ಒಂದು ಮಾತು ಹೇಳಬೇಕು. ನಾವು ಮೊದಲ ಸ್ಟ್ರೆಸ್ ಅಂತಿದ್ದಿಲ್ಲ, ತ್ರಾಸ ಅಂತಿದ್ವಿ. ಈಗಲೂ ಅಂತೀವಿ. ತ್ರಾಸ ಅನ್ನೋ ಶಬ್ದದ ಬೆನ್ನಿಗೆ ‘ಕೊಡೋದು’ ಅಂತ ಬರ್ತದ. ಅತ್ತಿ ತ್ರಾಸ ಕೊಡ್ತಾಳ, ಸಾಹೇಬ ತ್ರಾಸ ಕೊಡ್ತಾನ, ಬಾಡಿಗಿ ಮನಿ ಮಾಲಕ ತ್ರಾಸ ಕೊಡ್ತಾನ. ಯಾರರೇ ಬಂದು “ಭಾಳ ತ್ರಾಸ ಆಗೇದವಾ” ಅಂದ್ರ ನಮ್ಮ ಅತ್ತಿಯವರು ಕೇಳೋ ಮೊದಲನೇ ಮಾತು, “ಯಾರು ಕೊಟ್ರು?” ಕೇಳಿದ ಮ್ಯಾಲೆ ಒಂದು ಹೆಸರು ಬರ್ತಿತ್ತು. ಹೆಸರು ಬಂತಂದ್ರ ಮುಂದ ಯಾರರೇ ಹೋಗಿ ಮಾತಾಡಬಹುದಿತ್ತು, ಜಗಳಾ ಆಡಬಹುದಿತ್ತು, ಇಲ್ಲಾ ಅವರ ಮನಿಗೆ ಹೋಗೋದು ಬಿಡಬಹುದಿತ್ತು.

ಸ್ಟ್ರೆಸ್ ಹಂಗಲ್ಲ. ಅದು ‘ಆಗ್ತದ’. ನೆಗಡಿ ಆದಂಗ, ಜ್ವರ ಬಂದಂಗ. “ನಂಗ ಸ್ಟ್ರೆಸ್ ಆಗೇದ” ಅಂದ್ರ ಯಾರು ಕೊಟ್ರು ಅಂತ ಯಾರೂ ಕೇಳಂಗಿಲ್ಲ, ನೀ ಏನು ತಗೊಂಡಿ ಅಂತ ಕೇಳ್ತಾರ. ಯೋಗಾ ಮಾಡು, ಉಸಿರು ಎಳಕೋ, ಗ್ರೀನ್ ಟೀ ಕುಡಿ, ಮುದ್ದಿ ಹಿಚುಕು. ಕೊಟ್ಟವನ ಹೆಸರು ಹೋಗಿ, ಆದವಳ ಕೈಗೆ ಇನ್ನೊಂದು ಕೆಲಸ ಬಂತು. ಅದೂ ಪಗಾರಿಲ್ಲದ್ದು, ರಾತ್ರಿ ಎರಡು ಗಂಟೆಕ್ಕ ಮಾಡೋದು.

ನಮ್ಮ ಹುಡುಗಿಗೆ ಏನು ಬೇಕು ಅಂತ ಕೇಳಿದ್ರ ಅಕಿ ಬೆರಳಿಲೆ ಎಣಿಸಿ ಹೇಳ್ತಾಳ. ಗುರುವಾರದ ಅರ್ಧರಾತ್ರಿ ಕಾಲು ಒಂದು ತಾಸು ಮೊದಲ ಆಗಬೇಕು, ಯಾಕಂದ್ರ ಅದರಾಗ ಇರೋ ಅಮೇರಿಕಾದವರು ಇಬ್ಬರ, ಇಲ್ಲಿನವರು ಹನ್ನೊಂದು ಮಂದಿ. ಎರಡೂವರಿ ಅಂದ್ರ ಎರಡೂವರಿಗೆ ಬಿಡಬೇಕು. ಕೆಲಸ ಬಿಟ್ಟು ಹೋದ ಇಬ್ಬರ ಜಾಗಾಕ್ಕ ಒಬ್ಬರನ್ನರೇ ತಗೋಬೇಕು. ಮೂರೂ ಮಾತಿನ್ಯಾಗ ಎಲ್ಲೂ ಪುಟ್ಟಿ ಇಲ್ಲ, ಮೇಣಬತ್ತಿ ಇಲ್ಲ. ಅಕಿಗೆ ಖೂನ ಅದ ತ್ರಾಸ ಎಲ್ಲಿಂದ ಬರ್ತದಂತ. ಆದ್ರ ಆ ಕಿಟ್ಟಿನ ಜೋಡಿ ಬಂದ ಕಾಗದದಾಗ ಒಂದು ಪ್ರಶ್ನಾಪತ್ರಿಕಿ ಇತ್ತು, ‘ನಿಮ್ಮ ಸ್ಟ್ರೆಸ್ ಅನ್ನು ನೀವು ಎಷ್ಟು ಚೆನ್ನಾಗಿ ನಿಭಾಯಿಸುತ್ತೀರಿ?’ ಅಂತ, ಒಂದರಿಂದ ಐದರ ತನಕ ಮಾರ್ಕು. ನಿಮಗ ಸ್ಟ್ರೆಸ್ ಕೊಡೋರು ಯಾರು ಅನ್ನೋದಕ್ಕ ಖಾಲಿ ಜಾಗಾ ಎಲ್ಲೂ ಬಿಟ್ಟಿರಲಿಲ್ಲ.

ಕಂಪನಿಯವರ ಲೆಕ್ಕಾನೂ ನಂಗ ತಿಳೀತದ, ನಾನೂ ಮನಿ ಖರ್ಚು ನಡಸಿದಾಕಿ. ಒಂದು ಡಬ್ಬಿ ಮುದ್ದಿಗೆ ಮುನ್ನೂರೋ ನಾಕುನೂರೋ ರೂಪಾಯಿ, ಸಗಟಿನ್ಯಾಗ ಇನ್ನೂ ಸೋವಿ. ಒಬ್ಬ ಮನುಷ್ಯಾನ್ನ ಕೆಲಸಕ್ಕ ತಗೊಂಡ್ರ ತಿಂಗಳಾ ತಿಂಗಳಾ ಪಗಾರ. ಸೋವಿ ಯಾವುದಂತ ಕೇಳಬೇಕಾಗಿಲ್ಲ. ಆದ್ರ ಸೋವಿ ಸಾಮಾನಿಗೆ ಸೋವಿ ಹೆಸರಿಡ್ರಿ. ‘ಹಬ್ಬಕ್ಕ ಒಂದು ಆಟಿಗಿ ಕಳಿಸೀವಿ, ಆಡ್ರಿ’ ಅಂತ ಬರೀರಿ, ನಾ ಕೈ ಮುಗದು ಇಸಗೋತೀನಿ. ಆಟಿಗಿ ಕೊಟ್ಟವರ ಹತ್ರ ರಜಾ ಕೇಳಬಹುದು. ಔಷಧ ಕೊಟ್ಟವರ ಹತ್ರ ಕೇಳಿದ್ರ, “ಕೊಟ್ಟೀವಲ್ಲಾ, ತಗೊಳ್ಳಿಲ್ಲೇನು?” ಅಂತಾರ.

ಮಗಳು ಕಡೀಕ ಹೋದ ವಾರ ಒಂದು ಮೇಲ್ ಬರದ್ಳು. ನಾನೂ ಪಕ್ಕಕ್ಕ ಕೂತಿದ್ದೆ, ಆದ್ರ ಇಂಗ್ಲಿಷು ಅಕಿದ. ಕಿಟ್ ಮುಟ್ಟೇದ, ಪುಟ್ಟಿ ಭಾಳ ಚಂದ ಅದ, ಮನಿಮಂದೆಲ್ಲಾ ಆಡಿದ್ವಿ, ಥ್ಯಾಂಕ್ಸ್. ಗುರುವಾರದ ಕಾಲ್ ಒಂದು ತಾಸು ಮೊದಲ ಇಟ್ಟುಕೊಳ್ಳಲಿಕ್ಕೆ ಬರ್ತದೇನು? ಎರಡ ಮಾತು, ಅಷ್ಟ. ನಾಕು ದಿನಕ್ಕ ಉತ್ತರಾ ಬಂತು. ಮೊದಲನೇ ಮಾತಿಗೆ ನಗೋ ಮಾರಿ ಚಿತ್ರ ಹಾಕಿದ್ರು. ಎರಡನೇ ಮಾತಿಗೆ, ಕೆಲಸದವರ ಒತ್ತಡ ನಮಗ ಅರ್ಥ ಆಗ್ತದ, ಅದಕ್ಕಂತನ ಒಂದು ಸ್ಟ್ರೆಸ್ ಮ್ಯಾನೇಜ್‌ಮೆಂಟ್ ವೆಬಿನಾರ್ ಇಟ್ಟೀವಿ ಅಂತ ಬರದಿದ್ರು. ಶುಕ್ರವಾರ ರಾತ್ರಿ ಪಾಳಿ ಮುಗದ ಮ್ಯಾಲೆ ಬರೋ ಶನಿವಾರ, ಮುಂಜಾನೆ ಒಂಬತ್ತಕ್ಕ. ಹಾಜರಿ ಕಡ್ಡಾಯ.